ಈರುಳ್ಳಿ ಸಾಲಿಗೆ ಪೇಟೆಂಟ್

ತರೀಕೆರೆಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವ ನನಗೆ ಆ ವಾರ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ. ನಾನು ಮಾಡಿದ ಹೊಸ ನಕ್ಷೆಯೊಂದಕ್ಕೆ ಪೇಟೆಂಟ್ ಪಡೆಯೋಣ ಎಂದಿದ್ದರು ಪ್ರಾಂಶುಪಾಲರು. ವರ್ಷಗಟ್ಟಲೆ ಬೇರೆಯವರ ಸೂತ್ರಗಳನ್ನೇ ಬೋರ್ಡಿಗೆ ಬರೆದು ಕೈಸೋತವಳಿಗೆ, ತನ್ನದೇ ಹೆಸರಲ್ಲಿ ಒಂದು ಬಂದರೆ ಇನ್ನೇನು ಬೇಕು?

ಅಜ್ಜಂಪುರದ ಕಡೆ ಈರುಳ್ಳಿ ಕೊಯ್ಲಿಗೆ ಮೊದಲು ಹೊಲದ ನಡುವೆ ಒಂದು ಮಾರಿನಷ್ಟು ಜಾಗದ ಗಡ್ಡೆ ಕಿತ್ತು, ದಪ್ಪ, ಮಧ್ಯಮ, ಸಣ್ಣ ಎಂದು ಸಾಲಾಗಿ ಜೋಡಿಸುತ್ತಾರೆ. ಯಾವ ಸಾಲು ಉದ್ದವೆಂದು ನೋಡಿ ಇಡೀ ಹೊಲದ ಬೆಳೆ ಅಂದಾಜು ಮಾಡುತ್ತಾರೆ. ಅದನ್ನೇ ನಾನು ಕಾಗದಕ್ಕೆ ತಂದು, ಹತ್ತಾರು ಹೊಲಗಳನ್ನು ಒಂದೇ ಪುಟದಲ್ಲಿ ಹೋಲಿಸುವ ಹಾಗೆ ಮಾಡಿದ್ದೆ.

"ಬರೀ ಲೆಕ್ಕಕ್ಕೆ ಪೇಟೆಂಟ್ ಕೊಡಲ್ವಂತೆ ಮೇಡಂ, ಮೊಬೈಲ್ ಆ್ಯಪ್ ಜೊತೆ ಸೇರಿಸಿ ಬರೆಯೋಣ. ಅರ್ಜಿ ಹಾಕೋವರೆಗೂ ಯಾರ್ಗೂ ತೋರಿಸ್ಬೇಡಿ" ಎಂದು ಪ್ರಾಂಶುಪಾಲರು ಎಚ್ಚರಿಸಿದ್ದರು.

ಬಾಯಿ ಬಿಗಿಹಿಡಿಯುವುದು ನನ್ನ ಜಾಯಮಾನವಲ್ಲ. ಅರ್ಜಿಗೆ ಫೋಟೊ ಬೇಕೆಂದು ಅಜ್ಜಂಪುರಕ್ಕೆ ಹೋದವಳು, ಹೊಲದಲ್ಲಿ ಸಾಲು ಜೋಡಿಸುತ್ತಿದ್ದ ಅಜ್ಜಿಯೊಬ್ಬರ ಮುಂದೆ ಹಿಗ್ಗಿನಿಂದ ನಕ್ಷೆ ಬಿಡಿಸಿಟ್ಟೆ. ಅವರು ಕೈಮಣ್ಣು ಒರೆಸಿಕೊಂಡು ನೋಡಿದರು.

"ಕೊಳೆತೋಗಿರೋ ಗಡ್ಡೆ ಸಾಲು ಎಲ್ಲವ್ವ?"

"ಮಾರಾಟಕ್ಕೆ ಬರಲ್ಲ ಅಂತ ಬಿಟ್ಟೆ ಅಜ್ಜಿ."

"ಅದ್ನ ಬಿಟ್ರೆ ಹೊಲ ಹೆಂಗೈತೆ ಅಂತ ಹೆಂಗ್ ಗೊತ್ತಾಯ್ತದೆ? ನಾವ್ ಹಾಕೋ ನಾಲ್ಕನೇ ಸಾಲು ಅದೇ ಕಣವ್ವ."

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಬದುವಿನ ಮೇಲೇ ಕೂತು, ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಯೂ ನಕ್ಷೆಯಿಂದ ಬಿಟ್ಟಿದ್ದ ಕೊಳೆತ ಗಡ್ಡೆಗಳನ್ನೂ ಸೇರಿಸಿ ನಾಲ್ಕನೇ ಸಾಲು ಎಳೆದೆ. ಒಳ್ಳೆಯವೆಂದುಕೊಂಡಿದ್ದ ಎರಡು ಹೊಲಗಳ ಬಣ್ಣ ಬಯಲಾಯಿತು. ಮೈ ಜುಮ್ಮೆಂದು, ಆ ಸಂತೋಷದಲ್ಲಿ ಪೇಟೆಂಟಿನ ಮಾತನ್ನೂ ಬಿಡಿಸಿ ಹೇಳಿಬಿಟ್ಟೆ.

ಅಜ್ಜಿ ಕೈಯಲ್ಲಿದ್ದ ಗಡ್ಡೆಯನ್ನು ಸಾಲಿಗೆ ಇಡಲಿಲ್ಲ. "ಹಂಗಾರೆ ಇನ್ಮೇಲೆ ನಾವು ಹಿಂಗೆ ಹಾಕಂಗಿಲ್ವಾ?"

"ಹಾಕಬಹುದು ಅಜ್ಜಿ" ಎಂದೆ. ಹೊಲದಲ್ಲಿ ಹಾಕಬಹುದು, ನಿಜ. ಆದರೆ ನಾಳೆ ಅವರ ಮೊಮ್ಮಗಳು ಅದನ್ನೇ ಮೊಬೈಲಿನಲ್ಲಿ ಮಾಡಹೊರಟರೆ ನಮ್ಮ ಅಪ್ಪಣೆ ಕೇಳಬೇಕಾಗಬಹುದು. ಬಸ್ಸು ತರೀಕೆರೆ ಮುಟ್ಟುವಷ್ಟರಲ್ಲಿ ನನಗೆ ನನ್ನ ಮೇಲೇ ಸಿಟ್ಟು ಬಂದಿತ್ತು. ಸರಾಸರಿಗೆ ಯಾರಾದರೂ ಹೀಗೆ ಬೇಲಿ ಹಾಕಿಕೊಂಡಿದ್ದರೆ ನಾನು ಇಷ್ಟು ವರ್ಷ ಏನು ಪಾಠ ಮಾಡುತ್ತಿದ್ದೆ?

ಮರುದಿನ ಮೊದಲ ಪೀರಿಯಡ್ಡಿನಲ್ಲೇ ನಾಲ್ಕೂ ಸಾಲುಗಳನ್ನು ಬೋರ್ಡಿನ ತುಂಬ ಬರೆದೆ. "ಮೊಬೈಲ್ ತೆಗೀರಿ, ಫೋಟೊ ಹೊಡ್ಕೊಳ್ಳಿ, ನಿಮ್ಮೂರಲ್ಲಿ ಎಲ್ರಿಗೂ ಕಳ್ಸಿ" ಎಂದೆ. ತರಗತಿಯಲ್ಲಿ ಮೊಬೈಲ್ ಕಂಡರೆ ಕಿತ್ತಿಟ್ಟುಕೊಳ್ಳುವ ಮೇಡಂಗೆ ಏನಾಯಿತೆಂದು ಹುಡುಗಿಯರು ಮುಖ ಮುಖ ನೋಡಿಕೊಂಡರು. ಬಾಗಿಲಲ್ಲಿ ಪ್ರಾಂಶುಪಾಲರು ಬಂದು ನಿಂತರು. ಎಲ್ಲರಿಗೂ ತೋರಿಸಿದ ಮೇಲೆ ಇನ್ನು ಪೇಟೆಂಟ್ ಎಲ್ಲಿಯದು? ನನ್ನ ಎದೆ ಢವಢವ ಹೊಡೆದುಕೊಳ್ಳುತ್ತಿತ್ತು, ಖುಷಿಗೆ.

"ಇದನ್ನ ಕಂಡುಹಿಡಿದೋರು ಯಾರು ಅಂತ ಬರ್ಕೊಳ್ಳೋದು ಮೇಡಂ?" ಎಂದಳು ಮುಂದಿನ ಬೆಂಚಿನವಳು.

"ಅಜ್ಜಂಪುರದೋರು ಅಂತ ಬರ್ಕೊ" ಎಂದೆ.