ಚಿಗವ್ವ ಮುಟ್ಟದ ಹೊಟ್ಟೆ

ಕಳೆದ ತಿಂಗಳು ಹಾನಗಲ್ಲಿನ ತಂಗಿಯ ಮನೆಗೆ ಹೋದಾಗ ಒಳಗೆ ಯಾರೋ ಹರಳೆಣ್ಣೆ ಬಿಸಿಮಾಡುತ್ತಿದ್ದರು. ಆ ಭಾರವಾದ ವಾಸನೆ ಪಡಸಾಲೆಯವರೆಗೆ ಬಂತು. ಕೈಯಲ್ಲಿದ್ದ ಚಹಾ ಹಾಗೇ ಆರಿತು. ರಟ್ಟೀಹಳ್ಳಿಯ ನಮ್ಮ ಓಣಿಯಲ್ಲಿ, ಎದುರುಮನೆಯ ಚಿಗವ್ವನ ಕೈಗೆ ಸದಾ ಇದೇ ವಾಸನೆ ಇರುತ್ತಿತ್ತು...

ಆಕೆ ಬಟ್ಟಿ ತಿಕ್ಕುತ್ತಿದ್ದಳು. ಭಾರ ಎತ್ತಿ ಹೊಟ್ಟೆ ನೋವು ಬಂದರೆ, ಭೇದಿ ನಿಲ್ಲದಿದ್ದರೆ, ಹೊಕ್ಕಳು ಜಾಗ ಬಿಟ್ಟು ಸರಿದಿದೆ ಎನ್ನುತ್ತಾರೆ ನಮ್ಮ ಕಡೆ. ಅದೇ ಬಟ್ಟಿ ಬೀಳುವುದು. ಚಿಗವ್ವ ಬಂದವರನ್ನು ಬರಿಹೊಟ್ಟೆಯಲ್ಲಿ ಚಾಪೆಯ ಮೇಲೆ ಮಲಗಿಸಿ, ಹೊಕ್ಕಳ ಸುತ್ತ ಹೆಬ್ಬೆರಳಿಟ್ಟು ಮಿಡಿತ ಹುಡುಕಿ, ಎಣ್ಣೆ ಹಚ್ಚಿ, ಅದನ್ನು ನಡುವಿಗೆ ತರುವಂತೆ ಒತ್ತುತ್ತಿದ್ದಳು. ಚಿಕ್ಕೇರೂರಿನಿಂದಲೂ ಜನ ಬರುತ್ತಿದ್ದರು.

ಆಕೆಯ ಗಂಡನನ್ನು ನಾವು ಕಾಕಾ ಎನ್ನುತ್ತಿದ್ದೆವು. ಅವರಿಗೆ ಪಿತ್ತಕೋಶದ ಕಲ್ಲಿನಿಂದ ಮೇದೋಜೀರಕ ಗ್ರಂಥಿಗೆ ಉರಿಯೂತ ಬಂತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಂಡು ಬಂದರು. ಕೆಲವು ವಾರ ಕಳೆದ ಮೇಲೆ ಹೊಟ್ಟೆಯ ಮೇಲ್ಭಾಗ ಉಬ್ಬಿತು. ಎರಡು ತುತ್ತಿಗೇ ಸಾಕೆನ್ನುತ್ತಿದ್ದರು. ಮತ್ತೆ ಸ್ಕ್ಯಾನ್ ಮಾಡಿಸಲು ನಾನೂ ಜೊತೆಗೆ ಹೋದೆ. ಗ್ರಂಥಿಯ ಪಕ್ಕ ನೀರು ಚೀಲದಂತೆ ಕಟ್ಟಿಕೊಂಡಿದೆ ಎಂದರು ಡಾಕ್ಟರು. ಕೆಲವರಿಗೆ ತಾನೇ ಇಂಗುತ್ತದೆ, ಇಂಗದಿದ್ದರೆ ಚೀಲದ ಗೋಡೆ ಗಟ್ಟಿಯಾದ ಮೇಲೆ ಜಠರದ ಒಳಗಿನಿಂದ ದಾರಿ ಮಾಡಿ ತೆಗೆಯೋಣ ಎಂದರು. ಅಲ್ಲಿಯವರೆಗೆ ಹೊಟ್ಟೆ ತಿಕ್ಕಿಸಲೇಬಾರದು, ಒಡೆದರೆ ಜೀವಕ್ಕೆ ಅಪಾಯ. ಮಲ ಕಪ್ಪಾದರೆ ಕೂಡಲೇ ಬರಬೇಕು. ಚಿಗವ್ವ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಕೇಳಿಸಿಕೊಂಡಳು.

ಒಂದು ಸಂಜೆ ಕಾಕಾಗೆ ಸಂಕಟ ಹೆಚ್ಚಾಗಿತ್ತು. ನಾನು ಅಲ್ಲೇ ಕುಳಿತಿದ್ದೆ.

"ಊರ ಮಂದಿ ಹೊಟ್ಟಿ ಎಲ್ಲಾ ತಿಕ್ಕತಿ. ನಂದೊಂದ ಬ್ಯಾಡಾತೇನು?" ಎಂದರು ಆಕೆಗೆ.

ಚಿಗವ್ವ ಒಳಗೆ ಹೋಗಿ ಎಣ್ಣೆಯ ಬಟ್ಟಲು ತಂದಳು. ನಾನು ಎದ್ದು ನಿಂತೆ. ಆದರೆ ಆಕೆ ಕುಳಿತದ್ದು ಅವರ ಕಾಲ ಬಳಿ. ಅಂಗಾಲಿಗೆ ಎಣ್ಣೆ ತಿಕ್ಕತೊಡಗಿದಳು.

"ಬಟ್ಟಿ ಕಾಲಿಗೆ ಇಳದೈತೇನ ನಂದು?" ಎಂದರು ಕಾಕಾ. ನಾನು ನಕ್ಕೆ. ಆಕೆಯೂ ನಕ್ಕಳು, ತಲೆ ಎತ್ತದೆ.

ಆ ವಾರವೇ ಮಲ ಕಪ್ಪಾಯಿತು. ಕಾಕಾ ಬಚ್ಚಲಲ್ಲಿ ಕುಸಿದರು. ಹುಬ್ಬಳ್ಳಿಯಲ್ಲಿ ನೋಡಿ ಹೇಳಿದರು, ಗ್ರಂಥಿಯ ರಸಕ್ಕೆ ಪಕ್ಕದ ರಕ್ತನಾಳ ಸವೆದು, ಉಬ್ಬಿ, ಚೀಲದೊಳಕ್ಕೆ ಸೋರುತ್ತಿದೆ, ಹೀಗಾಗುವುದು ಅಪರೂಪ ಎಂದು. ತೊಡೆಯ ಕಡೆಯಿಂದ ರಕ್ತನಾಳದೊಳಗೆ ಸಣ್ಣ ಕೊಳವೆ ಕಳಿಸಿ, ಸೋರುವ ಜಾಗವನ್ನು ಕೂದಲೆಳೆಯಂಥ ತಂತಿಯ ಸುರುಳಿಗಳಿಂದ ಮುಚ್ಚಿದರು. ರಕ್ತ ನಿಂತಿತು. ಗಾಜಿನ ಆಚೆ ಕಾಕಾ ಕೈ ಎತ್ತಿದ್ದನ್ನು ನಾವಿಬ್ಬರೂ ನೋಡಿದೆವು. ಆಮೇಲೆ ಚೀಲದಲ್ಲಿ ಕೀವಾಯಿತು. ಹೊಟ್ಟೆಗೆ ಕೊಳವೆ ಹಾಕಿ ಅದನ್ನೂ ತೆಗೆದರು. ಜ್ವರ ಇಳಿಯಲಿಲ್ಲ. ಮೂತ್ರ ನಿಂತಿತು... ನಮ್ಮನ್ನು ಒಳಗೆ ಕರೆದರು.

ಕಾಕಾ ಅವರ ಮಣ್ಣಿಗೆ ಬಂದಿದ್ದ ಹೆಂಗಸರಲ್ಲಿ ಒಬ್ಬಳು ಚಿಗವ್ವನಿಗೆ ಕೇಳುವಂತೆಯೇ ಅಂದಳು, "ಮಂದಿಗೆಲ್ಲಾ ಕೈ ಹಚ್ಚಾಕಿ, ಗಂಡಗ ಹಚ್ಚಲಿಲ್ಲ ನೋಡವ್ವ."

ಅಲ್ಲಿಂದ ಮುಂದೆ ಆಕೆ ಯಾರ ಹೊಟ್ಟೆಯನ್ನೂ ಮುಟ್ಟಲಿಲ್ಲ. ಬಂದವರಿಗೆ ನೀರು ಕೊಟ್ಟು, ದವಾಖಾನೆಗೆ ತೋರಿಸಿಕೊಳ್ಳಿ ಎಂದು ಕಳಿಸುತ್ತಿದ್ದಳು. ನಾನು ಒಬ್ಬನೇ ಸಿಕ್ಕಾಗ ದನಿ ತಗ್ಗಿಸಿ ಕೇಳುತ್ತಿದ್ದಳು.

"ತಮ್ಮಾ, ತಿಕ್ಕಿದ್ರ ಉಳೀತಿದ್ರೇನು?"

ಇಲ್ಲ ಚಿಗವ್ವ, ಒತ್ತಿದ್ದರೆ ಆಗಲೇ ಒಡೆಯುತ್ತಿತ್ತು, ನೀನು ಮಾಡಿದ್ದೇ ಸರಿ ಎನ್ನುತ್ತಿದ್ದೆ. ಹೂಂ ಎಂದು ಒಳಗೆ ಹೋಗುತ್ತಿದ್ದಳು. ಮುಂದಿನ ಸಲ ಮತ್ತೆ ಅದೇ ಪ್ರಶ್ನೆ. ವರ್ಷಗಟ್ಟಲೆ ಹೀಗೇ ನಡೆಯಿತು.

ಈ ಬೇಸಿಗೆಯಲ್ಲಿ ಆಕೆಯೂ ಹೋದಳು. ಮೊನ್ನೆ, ಬೀಗ ಹಾಕಿದ ಆ ಬಾಗಿಲ ಮುಂದೆ ಅಪರಿಚಿತ ಹೆಂಗಸೊಬ್ಬಳು ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು. ಬಟ್ಟಿ ತಿಕ್ಕಿಸಿಕೊಳ್ಳಲು ಅಬಲೂರಿನಿಂದ ಬಸ್ಸಿಗೆ ಬಂದವಳು. ಚಿಗವ್ವ ಇಲ್ಲವೆಂದೆ. ಅವಳು ಬೀಗವನ್ನೊಮ್ಮೆ ನೋಡಿ ಕೇಳಿದಳು.

"ಗಂಡನ ಹೊಟ್ಟಿ ಮುಟ್ಟಲಿಲ್ಲಂತಲ್ರಿ ಆಕಿ. ಖರೇ ಏನ್ರಿ?"

ಖರೇ, ಮುಟ್ಟಬಾರದಾಗಿತ್ತು ಎಂದೆ. ಚೀಲ, ರಕ್ತನಾಳ, ಡಾಕ್ಟರು ಹೇಳಿದ್ದು, ಎಲ್ಲವನ್ನೂ ನಿಂತಲ್ಲೇ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಇದು ಆಕಿಗೆ ಗೊತ್ತಿತ್ತೇನ್ರಿ?"

ಗೊತ್ತಿತ್ತು ಎಂದೆ. ದವಾಖಾನೆಯ ದಾರಿ ತೋರಿಸಿ ಕಳಿಸಿದೆ.

ಗೊತ್ತಿತ್ತು, ನಿಜ. ನಂಬಿದ್ದಳೋ ಇಲ್ಲವೋ... ಅದನ್ನು ಇನ್ನು ಕೇಳುವಂತಿಲ್ಲ.