ಆಮೀನಾ ತಂದ ಹನ್ನೊಂದು ಸಹಿ

ಆಮೀನಾಳ ಮನೆಯಲ್ಲಿ ಒಂದು ತಗಡಿನ ಪೆಟ್ಟಿಗೆ ಇದೆ. ಅದರಲ್ಲಿ ಒಡವೆ ಇಲ್ಲ, ರೇಷ್ಮೆ ಸೀರೆ ಇಲ್ಲ, ಬರೀ ಕಾಗದ. ಕರೆಂಟು ಬಿಲ್ಲು, ಬಸ್ ಪಾಸು, ಡಾಕ್ಟರ ಚೀಟಿ, ಯಾರೋ ಎಂದೋ ಕೊಟ್ಟ ಪ್ರಮಾಣಪತ್ರ, ಎಲ್ಲವೂ ವರ್ಷವಾರು ದಾರ ಕಟ್ಟಿಸಿಕೊಂಡು ಕೂತಿವೆ. ಈ ಚಟ ಅವಳಿಗೆ ಸುಮ್ಮನೆ ಅಂಟಿದ್ದಲ್ಲ. ಅವಳ ಅಪ್ಪ ಫಕ್ರುದ್ದೀನ ಶಹಾಪುರದ ಒಂದು ಹತ್ತಿ ಮಿಲ್ಲಿನಲ್ಲಿ ಹದಿನೆಂಟು ವರ್ಷ ದುಡಿದ. ಒಂದು ದಿನ ನಾಳೆಯಿಂದ ಬರಬೇಡ ಎಂದರು. ದೂರು ಕೊಡಲು ಹೋದರೆ, ನೀನು ಅಲ್ಲಿ ಕೆಲಸಕ್ಕಿದ್ದೆ ಅನ್ನುವುದಕ್ಕೆ ಕಾಗದ ಏನಿದೆ ಎಂದು ಕೇಳಿದರು. ಕಾಗದ ಇರಲಿಲ್ಲ. ಹತ್ತಿಯ ಧೂಳು ತುಂಬಿದ ಎದೆ ಇತ್ತು, ಅದನ್ನು ಯಾರೂ ದಾಖಲೆ ಎಂದು ಒಪ್ಪಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ಕುಬ್ರಾಬೇಗಂ ಮಗಳಿಗೆ ಹೇಳಿಕೊಟ್ಟ ಪಾಠ ಒಂದೇ: ಏನೇ ಕೆಲಸ ಮಾಡು, ಹಾಥ್ ಮೇ ಕಾಗಜ್ ರಖ್, ಕೈಯಲ್ಲಿ ಕಾಗದ ಇಟ್ಟುಕೋ.

ಆಮೀನಾ ಆ ಪಾಠವನ್ನು ಚೆನ್ನಾಗಿ ಕಲಿತಳು. ಅದೇ ಅವಳ ಕುತ್ತಿಗೆಗೆ ಬಂತು.

ಅವಳು ಸುರಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಕಂಪ್ಯೂಟರ್ ಆಪರೇಟರ್. ಯಾವ ಕಚೇರಿ ಎಂದು ಹೇಳಿ ಉಪಯೋಗವಿಲ್ಲ, ಒಳಗೆ ಹೋದರೆ ಎಲ್ಲವೂ ಒಂದೇ ವಾಸನೆ. ಖಾಯಂ ನೌಕರಿಯಲ್ಲ, ಏಜೆನ್ಸಿಯ ಮೂಲಕ ಹೊರಗುತ್ತಿಗೆ. ಏಳು ವರ್ಷ ದಿನವೂ ಶಹಾಪುರದಿಂದ ಎಂಟರ ಬಸ್ಸು ಹಿಡಿದು ಬಂದಳು. ಏಳು ವರ್ಷವೂ ಪ್ರತಿ ಮಾರ್ಚ್‌ನಲ್ಲಿ ಅವಳ ಜೀವ ಕೈಯಲ್ಲಿರುತ್ತಿತ್ತು, ಏಕೆಂದರೆ ಗುತ್ತಿಗೆ ನವೀಕರಣವಾಗುವುದು ಆಗಲೇ. ಅವ್ವನ ಹೊಲಿಗೆ ಯಂತ್ರಕ್ಕೆ ಈಗ ಅವ್ವನ ಕಣ್ಣು ಸಾಲುತ್ತಿರಲಿಲ್ಲ. ಈ ಕೆಲಸ ಹೋದರೆ ಮನೆಗೆ ಬೇರೆ ಆಸರೆ ಇರಲಿಲ್ಲ.

ಎರಡು ವರ್ಷದ ಹಿಂದೆ ಕಚೇರಿಗೆ ದೊಡ್ಡ ಝೆರಾಕ್ಸ್ ಮಷಿನ್ ಬಂತು. ನಕಲು ತೆಗೆಯುವುದಲ್ಲದೆ ಸ್ಕ್ಯಾನ್ ಕೂಡ ಮಾಡುವಂಥದ್ದು. ಅದನ್ನು ಕೂಡಿಸಲು ಕಲಬುರಗಿಯಿಂದ ಬಂದ ಗಯಾಸ ಎಂಬ ಮೆಕ್ಯಾನಿಕ್, ಸ್ಕ್ಯಾನ್ ಬೇಕಾದರೆ ಪೆನ್‌ಡ್ರೈವ್ ಹಾಕಿಕೊಳ್ಳಿ ಎಂದು ಹೇಳಿ, ಚಹಾ ಕುಡಿದು ಹೋದ. ಅಲ್ಲಿಂದ ಆಮೀನಾಳ ಪಾದಯಾತ್ರೆ ಶುರುವಾಯಿತು. ಯಾರಿಗೆ ಯಾವ ಕಾಗದ ಸ್ಕ್ಯಾನ್ ಆಗಬೇಕಾದರೂ ಅವಳೇ ಪೆನ್‌ಡ್ರೈವ್ ಹಿಡಿದು ಮಷಿನ್‌ಗೆ ಹೋಗಬೇಕು, ಅಲ್ಲಿಂದ ಅವರ ಟೇಬಲ್ಲಿಗೆ ತರಬೇಕು. ಮೇಲೆ ವೈರಸ್ ಬೇರೆ. ದಿನಕ್ಕೆ ಐವತ್ತು ಸಲ 'ಆಮೀನಾ' ಎಂಬ ಕೂಗು.

ಮಷಿನ್‌ನಿಂದ ಕಾಗದ ನೇರವಾಗಿ ಕಂಪ್ಯೂಟರಿನ ಫೋಲ್ಡರ್‌ಗೆ ಬೀಳುವಂತೆ ಮಾಡಬಹುದು ಎಂದು ಅವಳಿಗೆ ಗೊತ್ತಾದದ್ದು ಬಸ್ಸಿನಲ್ಲಿ, ಮೊಬೈಲಿನ ವಿಡಿಯೋ ನೋಡಿ. ಯಾರೂ ಅವಳಿಗೆ ಮಾಡು ಎನ್ನಲಿಲ್ಲ. ಅವಳೇ ಮಾಡಿದಳು. ತನ್ನ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ತೆರೆದು, ಅದು ಬೇರೆಯವರಿಗೂ ಕಾಣುವಂತೆ ಬಿಟ್ಟಳು. ಮಷಿನ್‌ಗೆಂದೇ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಟ್ಟಳು. ಮಷಿನ್‌ನ ಪುಟ್ಟ ಪರದೆಯ ಮೇಲೆ ಬೆರಳು ನೋಯುವ ತನಕ ಆ ವಿಳಾಸ ಒತ್ತಿದಳು. ಮಷಿನ್ ಒಪ್ಪಲಿಲ್ಲ. ಕಂಪ್ಯೂಟರ್ ಸಿಗುತ್ತಿಲ್ಲ ಎಂದಿತು, ಆಮೇಲೆ ಪಾಸ್‌ವರ್ಡ್ ತಪ್ಪು ಎಂದಿತು, ಆಮೇಲೆ ಏನೂ ಹೇಳದೆ ಸುಮ್ಮನಾಯಿತು. ಒಂಬತ್ತು ದಿನ ಊಟದ ಹೊತ್ತಿನಲ್ಲಿ ಡಬ್ಬಿ ಬಿಚ್ಚದೆ ಅದರ ಮುಂದೆ ನಿಂತಳು. ಹತ್ತನೆಯ ದಿನ, ಪರೀಕ್ಷೆಗೆಂದು ಇಟ್ಟ ಅಪ್ಪನ ಹಳೆಯ ರೇಷನ್ ಕಾರ್ಡಿನ ನಕಲು ಮಷಿನ್ ಒಳಗೆ ಹೋಗಿ, ಅವಳ ಕಂಪ್ಯೂಟರಿನಲ್ಲಿ ಬಂದು ಬಿತ್ತು. ಅಪ್ಪನ ಫೋಟೋ ಪರದೆಯ ಮೇಲೆ ನೋಡಿ ಅವಳಿಗೆ ಅಳು ಬಂತು.

ಹೀಗೆ ಮಷಿನ್‌ನ ಪರದೆಯ ಮೇಲೆ ಮೂಡಿದ ಮೊದಲ ಬಟನ್ನಿಗೆ ಅವಳದೇ ಹೆಸರಿತ್ತು. ಅದರ ಕೆಳಗೆ ಕಚೇರಿಯ ಹನ್ನೊಂದು ಜನರಿಗೆ ಹನ್ನೊಂದು ಬಟನ್ ಮಾಡಿದಳು. ತಮ್ಮ ಹೆಸರು ಒತ್ತಿದರೆ ತಮ್ಮ ಫೋಲ್ಡರ್‌ಗೆ ಕಾಗದ ಬರುತ್ತದೆ. ಎಲ್ಲರ ಫೋಲ್ಡರೂ ಅವಳ ಕಂಪ್ಯೂಟರಿನಲ್ಲೇ ಇದ್ದುದರಿಂದ ಮುಂಜಾನೆ ಬಂದವಳೇ ಮೊದಲು ಅದನ್ನು ಚಾಲೂ ಮಾಡುತ್ತಿದ್ದಳು. ಹೇಗೆ ಮಾಡಬೇಕೆಂದು ದುಂಡಗೆ ಬರೆದು ಒಂದು ಹಾಳೆಯನ್ನೂ ಮಷಿನ್‌ನ ಹಿಂದಿನ ಗೋಡೆಗೆ ಅಂಟಿಸಿದಳು.

ಕಚೇರಿಯ ಮುಖ್ಯಸ್ಥರಾದ ಸಾಹೇಬರು ಇದನ್ನು ಕಂಡು ಖುಷಿಯಾದರು. "ಎಲ್ಲರಿಗೂ ಟ್ರೇನಿಂಗ್ ಕೊಟ್ಟೀನಿ ಅಂತ ಒಂದು ಕಾಗದ ಮಾಡವ್ವ, ನಿನ್ನ ಹೆಸರು ಯಾದಗಿರಿ ಜಿಲ್ಲಾ ಆಫೀಸಿಗೆ ಕಳಸೋಣು" ಎಂದರು. ಕಾಗದ ಎಂಬ ಮಾತು ಕೇಳಿದ್ದೇ ಆಮೀನಾಳ ಕಿವಿ ನೆಟ್ಟಗಾಯಿತು. ಈ ಕಾಗದ ಪೆಟ್ಟಿಗೆಯಲ್ಲಿದ್ದರೆ ಮುಂದಿನ ಮಾರ್ಚ್‌ನಲ್ಲಿ ತನ್ನನ್ನು ಅಲುಗಾಡಿಸುವವರು ಯಾರು ಎಂದುಕೊಂಡಳು.

ಎರಡು ದಿನ ಸಂಜೆ ಐದಕ್ಕೆ ತರಬೇತಿ ಇಟ್ಟಳು. ಯಾರೂ ಬರಲಿಲ್ಲ. ಜವಾನ ಪರಮಣ್ಣ ಮಾತ್ರ ಬಾಗಿಲಲ್ಲಿ ಕೈ ಕಟ್ಟಿ ನಿಂತಿದ್ದ, ಅವನೂ ಬೀಗ ಹಾಕುವ ಹೊತ್ತಾಯಿತೆಂದು ನಿಂತವನು. ಮೂರನೆಯ ದಿನ ಆಮೀನಾ ಪಟ್ಟಿ ಬರೆದುಕೊಂಡು ಟೇಬಲ್ಲಿನಿಂದ ಟೇಬಲ್ಲಿಗೆ ಹೋದಳು. ಸಹಿ ಮಾಡಲು ಯಾರಿಗೂ ತೊಂದರೆ ಇರಲಿಲ್ಲ. ನಮ್ಮ ಕಚೇರಿಗಳಲ್ಲಿ ಸಹಿ ಎಂದರೆ ಕೆಮ್ಮಿದ ಹಾಗೆ, ಬಂದಾಗ ಬಂದುಬಿಡುತ್ತದೆ. ಮ್ಯಾನೇಜರ್ ಬಸವಂತ್ರಾಯ ಫೋನಿನಲ್ಲಿ ಮಾತಾಡುತ್ತಲೇ ಮಾಡಿದ. ಸಹಿಗಳ ಮೇಲೆ ಒಂದು ಸಾಲಿತ್ತು: 'ಮೇಲ್ಕಂಡ ತರಬೇತಿ ಪಡೆದು ಸ್ವತಂತ್ರವಾಗಿ ಕೆಲಸ ನಿರ್ವಹಿಸಲು ಶಕ್ತರಾಗಿದ್ದೇವೆ.' ಹನ್ನೊಂದೂ ಸಹಿ ಬಿದ್ದವು. ಒಬ್ಬರೂ ಕಲಿತಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಒಂದು ನಕಲು ತೆಗೆದುಕೊಂಡು ಪೆಟ್ಟಿಗೆಯಲ್ಲಿಟ್ಟಳು, ಖುಷಿಯಿಂದಲೇ ಇಟ್ಟಳು.

ಆಮೇಲೆ ಏನಾಯಿತೆಂದರೆ, ತಮ್ಮ ಹೆಸರು ಹುಡುಕುವ ಗೋಜು ಯಾರಿಗೂ ಬೇಡವಾಯಿತು. ಎಲ್ಲರೂ ಮೇಲಿನ ಮೊದಲ ಬಟನ್ನನ್ನೇ ಒತ್ತಿ, "ಆಮೀನಾ, ನಿನ್ ಕಡಿ ಬಂದದ ನೋಡ" ಎಂದು ಕೂಗುತ್ತಿದ್ದರು. ಅವಳು ಅದನ್ನು ತೆರೆದು, ನೆಟ್ಟಗೆ ಮಾಡಿ, ಹೆಸರು ಕೊಟ್ಟು, ಅವರವರ ಫೋಲ್ಡರ್‌ಗೆ ಹಾಕುತ್ತಿದ್ದಳು. ಅವರಿಗೆ ಇದೆಲ್ಲ ಮಷಿನ್ನೇ ಮಾಡುತ್ತದೆ ಎಂದು ಅನ್ನಿಸಿಬಿಟ್ಟಿತ್ತು.

ಈ ವರ್ಷ ಫೆಬ್ರುವರಿಯಲ್ಲಿ ಮೇಲಿನಿಂದ ಆದೇಶ ಬಂತು: ಪ್ರತಿ ಕಚೇರಿಯಲ್ಲಿ ಒಬ್ಬ ಹೊರಗುತ್ತಿಗೆ ನೌಕರನನ್ನು ಕಡಿಮೆ ಮಾಡಿ, ಹೆಸರು ಕಳಿಸಿ. ಇದ್ದವರು ಇಬ್ಬರೇ, ಆಮೀನಾ ಮತ್ತು ಜೀಪಿನ ಡ್ರೈವರ್ ಹಣಮೇಶ. ಸಾಹೇಬರ ಜೀಪು ತಾನಾಗಿ ಓಡುವುದಿಲ್ಲ. ಆದರೂ ಆಮೀನಾ ಹೆದರಲಿಲ್ಲ. ತನ್ನ ಬಳಿ ಕಾಗದ ಇದೆಯಲ್ಲ ಎಂದುಕೊಂಡಳು, ಪಾಪ.

ಒಂದು ದಿನ ಬಸವಂತ್ರಾಯ ತಾನೇ ಎದ್ದು ಮಷಿನ್‌ ಹತ್ತಿರ ಬಂದ. ಎರಡು ಹಾಳೆ ಇಟ್ಟ, ರೂಢಿಯಂತೆ ಮೊದಲ ಬಟನ್ ಒತ್ತಿದ.

"ಆಮೀನಾ, ಒಂದು ಪತ್ರ ಬಂದದ ನೋಡವ್ವ. ಲಗೂನ ಯಾದಗಿರಿಗೆ ಮೇಲ್ ಮಾಡು, ಇವತ್ತೇ ಹೋಗಬೇಕಂತ."

ಆಮೀನಾ ತೆರೆದಳು. ಮೊದಲ ಹಾಳೆಯಲ್ಲಿ ಅವಳ ಹೆಸರಿತ್ತು. ಕಚೇರಿಯ ಎಲ್ಲ ಸಿಬ್ಬಂದಿಯೂ ಸ್ಕ್ಯಾನಿಂಗ್ ಕೆಲಸವನ್ನು ಸ್ವತಃ ಮಾಡಿಕೊಳ್ಳುತ್ತಿರುವುದರಿಂದ ಸದರಿ ಆಪರೇಟರ್‌ರ ಅವಶ್ಯಕತೆ ಕಂಡುಬರುವುದಿಲ್ಲ. ತರಬೇತಿ ಪಡೆದವರ ಪಟ್ಟಿ ಲಗತ್ತಿಸಿದೆ. ಎರಡನೆಯ ಹಾಳೆ ತಲೆಕೆಳಗಾಗಿ ಬಂದಿತ್ತು. ನೆಟ್ಟಗೆ ತಿರುಗಿಸಿದಳು. ಅವಳದೇ ದುಂಡು ಅಕ್ಷರ, ಅವಳೇ ಸ್ಕೇಲಿಟ್ಟು ಎಳೆದ ಗೆರೆ, ಅವಳೇ ಬೆನ್ನು ಹತ್ತಿ ತಂದ ಹನ್ನೊಂದು ಸಹಿ.

ಎದ್ದು ಬಸವಂತ್ರಾಯನ ಟೇಬಲ್ಲಿಗೆ ಹೋದಳು.

"ಸರ್, ಇದು ನನ್ನ ತಗಿಯೋ ಪತ್ರ ಐತ್ರಿ."

"ಹೌದವ್ವ," ಎಂದ ಬಸವಂತ್ರಾಯ. ಮುಚ್ಚಿಡುವ ಸ್ವಭಾವ ಅವನದಲ್ಲ, ಅದಕ್ಕೂ ಸ್ವಲ್ಪ ನಾಚಿಕೆ ಬೇಕಾಗುತ್ತದೆ. "ಮ್ಯಾಲಿಂದ ಬಂದದ, ನಾ ಏನ್ ಮಾಡ್ಲಿ? ನೀ ಮಾಡಿದ ಕೆಲಸ ಭಾಳ ಚಲೋ ಆತು. ಈಗ ಎಲ್ಲಾರೂ ತಾವೇ ಮಾಡ್ಕೋತಾರ."

"ಯಾರಿಗೂ ಬರಂಗಿಲ್ಲಲ್ರಿ ಸರ್. ಯಾರ್ ಕಲ್ತಾರ ಹೇಳ್ರಿ?"

"ಸಹಿ ಅದಾವಲ್ಲವ್ವ," ಎಂದ ಅವನು, ಸಮಾಧಾನ ಹೇಳುವವನಂತೆ.

ಆಮೀನಾ ತನ್ನ ಜಾಗಕ್ಕೆ ಬಂದಳು. ಅಳಿಸಿಹಾಕಬಹುದಿತ್ತು. ಅಳಿಸಿದರೆ ಮತ್ತೊಮ್ಮೆ ಸ್ಕ್ಯಾನ್ ಮಾಡುತ್ತಾನೆ, ಮತ್ತೆ ಅವಳ ಬಟನ್ನನ್ನೇ ಒತ್ತುತ್ತಾನೆ. ಎರಡೂ ಹಾಳೆ ಸೇರಿಸಿ, ದಿನಾಂಕ ಹಾಕಿ, ಹೆಸರು ಕೊಟ್ಟು, ಯಾದಗಿರಿಗೆ ಕಳಿಸಿದಳು. ಇಂಥ ಹೊತ್ತಿನಲ್ಲೂ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವವರನ್ನು ಕಂಡರೆ ನನಗೆ ಮರುಕಕ್ಕಿಂತ ಸಿಟ್ಟೇ ಹೆಚ್ಚು ಬರುತ್ತದೆ.

ಮಾರ್ಚ್ ಮೂವತ್ತೊಂದಕ್ಕೆ ಅವಳ ಕೆಲಸ ಮುಗಿಯಿತು. ಒಂದು ಪೇಟಾ, ಒಂದು ಹಾರ, ಸಾಹೇಬರ ನಾಲ್ಕು ಮಾತು. ಮನೆಗೆ ಬಂದಾಗ ಕುಬ್ರಾಬೇಗಂ ಕೇಳಿದ್ದು ಒಂದೇ: "ಕಾಗಜ್ ದಿಯೇ ಕ್ಯಾ?" ಕೊಟ್ಟಿದ್ದರು, ಕೆಲಸದಿಂದ ಬಿಡುಗಡೆಯ ಆದೇಶ. ಅದೂ ದಾರ ಕಟ್ಟಿಸಿಕೊಂಡು ಪೆಟ್ಟಿಗೆ ಸೇರಿತು.

ಏಪ್ರಿಲ್ ಮೂರರಂದು ಅವಳು ಅವ್ವನ ಹೊಲಿಗೆ ಯಂತ್ರದ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಾಗ ಬಸವಂತ್ರಾಯನ ಫೋನ್ ಬಂತು.

"ಆಮೀನಾ, ಹೆಂಗಿದ್ದೀಯವ್ವ? ಸ್ಕ್ಯಾನ್ ಬರವಲ್ದು ನೋಡು. ಮೂರ್ ದಿನದಿಂದ ಹಂಗೇ ಅದ. ಗಯಾಸಗ ಕೇಳಿದ್ರ ಎಂಟ್ ದಿನ ಬಿಟ್ಟು ಬರ್ತೀನಿ ಅಂತಾನ. ಯಾದಗಿರಿಂದ ಸಾಹೇಬ್ರು ಬೈಯಾಕತ್ಯಾರ."

ಆಮೀನಾಳಿಗೆ ಕೂತಲ್ಲೇ ತಿಳಿಯಿತು ಏನಾಗಿದೆ ಎಂದು. ಆದರೂ ಮೊದಲು ಹೊರಬಂದದ್ದು ಬೇರೆಯೇ ಮಾತು.

"ನೀವು ಕಲ್ತೀನಿ ಅಂತ ಸಹಿ ಮಾಡೀರಲ್ರಿ ಸರ್."

ಬಸವಂತ್ರಾಯ ಕೋಪವಿಲ್ಲದೆ ಹೇಳಿದ:

"ಮಾಡೀನಿ. ನಾ ಏನು ಕೇಳಿದ್ನೇನವ್ವ? ನೀನೇ ತಂದು ಮುಂದ ಹಿಡಿದಿ, ಮಾಡಿದೆ."

ಸುಳ್ಳೆಂದು ಗೊತ್ತಿದ್ದೂ ಆ ಪಟ್ಟಿ ಹಿಡಿದು ಟೇಬಲ್ಲಿನಿಂದ ಟೇಬಲ್ಲಿಗೆ ಓಡಾಡಿದವಳು ಅವಳೇ. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ನನ್ನ ಟೇಬಲ್ ಮ್ಯಾಲಿನ ಕಂಪ್ಯೂಟರ್ ಚಾಲೂ ಐತೇನ್ರಿ ಸರ್?"

"ಇಲ್ಲ. ಪರಮಣ್ಣ ಬಟ್ಟಿ ಮುಚ್ಚಿ ಇಟ್ಟಾನ. ನೀನೇ ಇಲ್ಲಲ್ಲ, ಅದನ್ಯಾಕ ಚಾಲೂ ಮಾಡ್ಬೇಕು?"

"ಎಲ್ಲಾರ ಫೋಲ್ಡರ್ ಅದ್ರಾಗೇ ಅದಾವ್ರಿ. ಗ್ವಾಡಿಗೆ ಹಚ್ಚಿದ ಹಾಳ್ಯಾಗ ಮೊದಲ್ನೇ ಸಾಲೇ ಅದು ಐತ್ರಿ."

"ಆ ಹಾಳಿ ಎಲ್ಲಿ ಕಾಣ್ತದವ್ವ, ಅದರ ಮ್ಯಾಲ ಕ್ಯಾಲೆಂಡರ್ ಅದ. ಏ ಪರಮಣ್ಣ, ಆಮೀನಾಂದು ಕಂಪ್ಯೂಟರ್ ಚಾಲೂ ಮಾಡು!"

ಬಟ್ಟೆ ಎಳೆದದ್ದು, ಕುರ್ಚಿ ಸರಿದದ್ದು ಫೋನಿನಲ್ಲಿ ಕೇಳಿಸಿತು. ಮಷಿನ್ ಕಾಗದ ನುಂಗುವ ಆ ಕರಕರ ಶಬ್ದವೂ ಕೇಳಿಸಿತು. ಅವನು ಒತ್ತಿದ್ದು ಯಾವ ಬಟನ್, ಕಾಗದ ಬಿದ್ದದ್ದು ಯಾರ ಫೋಲ್ಡರ್‌ಗೆ ಎಂದು ಅವಳು ಕೇಳಲಿಲ್ಲ.

"ಬಂತು, ಬಂತು!" ಬಸವಂತ್ರಾಯನ ದನಿಯಲ್ಲಿ ಮಗುವಿನ ಖುಷಿ ಇತ್ತು. "ಇಷ್ಟೇ ಏನು? ನಾಳಿಂದ ದಿನಾ ಮುಂಜಾನಿ ಬಂದ ಕೂಡ್ಲೇ ಚಾಲೂ ಮಾಡಾಕ ಪರಮಣ್ಣಗ ಹೇಳ್ತೀನಿ. ಮುಗೀತಲ್ಲವ್ವ, ಮತ್ತೇನೂ ಇಲ್ಲಲ್ಲ?"

"ಇಲ್ರಿ ಸರ್," ಎಂದಳು ಆಮೀನಾ. "ಮುಗೀತ್ರಿ."