ಕಂದೀಲು ಮುದುಕಿಗೆ ಇಟ್ಟ ಎಡೆ

ನನ್ನ ಮೈದುನ ಮುಂಬೈಯ ಹಾಸ್ಟೆಲಿನಿಂದ ಬೇಸಿಗೆ ರಜೆಗೆ ಬಂದಾಗ ಒಂದು ಇಂಗ್ಲಿಷ್ ಪುಸ್ತಕವನ್ನೂ ಇಪ್ಪತ್ತು ಮುಖದ ಒಂದು ದಾಳವನ್ನೂ ತಂದಿದ್ದ. ಎಂಬತ್ತರ ದಶಕದ ಮೊದಲ ವರ್ಷಗಳು. ಗಂಗಾವತಿಯಿಂದ ಸ್ವಲ್ಪ ದೂರದಲ್ಲಿ, ಕಾಲುವೆ ದಂಡೆಗೆ ಹತ್ತಿದ ಊರು ನಮ್ಮದು. ಅಲ್ಲಿ ಅಂಥ ದಾಳವನ್ನು ಅದಕ್ಕೂ ಮೊದಲು ಯಾರೂ ಕಂಡಿರಲಿಲ್ಲ.

ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ನಾನು, ನನ್ನ ನೆಗೆಣ್ಣಿ, ಗೋಡೆಯಾಚೆ ಮನೆಯ ಚಾಚಿ, ಮೂವರೂ ಕಬ್ಬಿಣದ ಟ್ರಂಕಿನ ಸುತ್ತ ಕೂಡುತ್ತಿದ್ದೆವು. ನಮಗೆ ಅದೇ ಟೇಬಲ್ಲು. ಮೈದುನ ಪುಸ್ತಕ ಬಿಚ್ಚಿಕೊಂಡು ಹೇಳಿಕೊಡುತ್ತಿದ್ದ.

"ವೈನಿ, ಇದರಾಗ ಯಾರೂ ಗೆಲ್ಲಂಗಿಲ್ಲ, ಸೋಲಂಗಿಲ್ಲ. ನೀವು ಬ್ಯಾರೆ ಒಬ್ಬಾಕಿ ಆಗಬೇಕು. ಆಕಿ ಏನ್ ಮಾಡ್ತಾಳ ಅಂತ ನೀವು ಹೇಳ್ರಿ. ಅದು ಆಗತೈತೋ ಇಲ್ಲೋ, ದಾಳ ಹೇಳತೈತಿ."

"ಈ ಮನಿಗೆ ಸೊಸಿ ಆಗಿದ್ದ ಸಾಕಾಗೇತಿ. ಮತ್ತ ಇನ್ನೊಬ್ಬಾಕಿ ಎಲ್ಲಿ ಆಗ್ಲೋ ಮಾರಾಯ!" ಎಂದಳು ನೆಗೆಣ್ಣಿ.

ಚಾಚಿ ಮಾತ್ರ ಥಟ್ಟನೆ ಒಪ್ಪಿದಳು. "ನಾ ಕಳ್ಳಿ ಆಗ್ತೀನಿ. ನಮ್ಮ ಸಾಸೂಮಾ ಕಣ್ಣು ತಪ್ಪಿಸಿ ಸಕ್ಕರಿ ತಿಂದು ರೂಢಿ ಐತಿ."

ಪುಸ್ತಕದಲ್ಲಿ ಚೂಪು ಟೋಪಿಯ ಮಾಂತ್ರಿಕ, ಕೊಡಲಿ ಹಿಡಿದ ಕುಳ್ಳ, ಇನ್ನೂ ಯಾರು ಯಾರೋ ಇದ್ದರು. ಈ ಆಟ ಹುಟ್ಟಿದ ದೇಶದಲ್ಲಿ ಅದನ್ನು ಆಡದವರೂ ಇವರ ಗುರುತು ಹಿಡಿಯುತ್ತಾರೆ, ಮಕ್ಕಳ ಅಂಗಿಯ ಮೇಲೂ ಇವರ ಚಿತ್ರ ಇರುತ್ತದೆ ಎಂದು ಮೈದುನ ಹೇಳಿದ. ನನಗೆ ಅವರ್ಯಾರೂ ಹಿಡಿಸಲಿಲ್ಲ. ನಾನು ನನ್ನದೇ ಒಬ್ಬಳನ್ನು ಮಾಡಿಕೊಂಡೆ. ಕಾಲುವೆ ದಂಡೆಯ ಮೇಲೆ ಕಂದೀಲು ಹಿಡಿದು ನಡೆಯುವ ಮುದುಕಿ. ದಾರಿ ತಪ್ಪಿದವರನ್ನು ಊರು ಮುಟ್ಟಿಸುತ್ತಾಳೆ. ಟ್ರಂಕಿನ ಮುಂದೆ ಕೂತಾಗ ಅವಳ ಹಾಗೆ ದನಿ ಗೊಗ್ಗರು ಮಾಡಿ ಮಾತಾಡುತ್ತಿದ್ದೆ. ಬರಬರುತ್ತ ಓಣಿಯ ಹೆಂಗಸರು ಅಕ್ಕಿ ಹಸನು ಮಾಡುವ ಮೊರ ಹಿಡಿದುಕೊಂಡೇ ಬಂದು ಕೇಳತೊಡಗಿದರು. ಅವರಲ್ಲಿ ಒಬ್ಬಳು ಹಿಂದಿನ ಓಣಿಯ ಹೊಸ ಸೊಸೆ, ತಾಯಿಯಿಲ್ಲದ ಹುಡುಗಿ, ಆಗಷ್ಟೇ ಬಸುರಿ. ಹೊಸ್ತಿಲಾಚೆ ಕೂತು, ಕಣ್ಣು ಮಿಟುಕಿಸದೆ ನನ್ನ ಬಾಯನ್ನೇ ನೋಡುತ್ತಿದ್ದಳು.

ರಜೆ ಮುಗಿಯುವ ಹೊತ್ತಿಗೆ ಮುದುಕಿ ಸತ್ತಳು. ಒಡೆದ ತೂಬು ದಾಟುತ್ತಾಳೆ ಎಂದು ನಾನು ಹೇಳಿದೆ. ದಾಳದಲ್ಲಿ ಒಂದು ಬಿತ್ತು, ಎಲ್ಲಕ್ಕಿಂತ ಕೆಟ್ಟ ಅಂಕಿ.

"ಮುಗೀತು ವೈನಿ. ನೀರಾಗ ಹೋದ್ಲು."

"ಇನ್ನೊಮ್ಮೆ ಹಾಕ್ತೀನೋ."

"ಹಂಗ ಬರಂಗಿಲ್ರಿ."

ಹೊಸ್ತಿಲಲ್ಲಿದ್ದ ಹುಡುಗಿ ಅತ್ತೇಬಿಟ್ಟಳು. ಮೈದುನ ನಗುತ್ತ ಪುಸ್ತಕ, ದಾಳ ಕಟ್ಟಿಕೊಂಡು ಮುಂಬೈಗೆ ಹೋದ. ನನಗೆ ಮಾತ್ರ ಊಟ ಸೇರಲಿಲ್ಲ. ಮುದುಕಿ ನಿಜಕ್ಕೂ ಇದ್ದಾಕೆ ಅಲ್ಲ, ಖರೆ. ಆದರೂ ತಿಂಗಳೊಪ್ಪತ್ತು ನನ್ನ ಬಾಯಲ್ಲಿ ಬಾಳಿದಾಕೆ. ಸತ್ತವರಿಗೆ ಒಂದು ತುತ್ತು ಇಡದೆ ಇರುವುದು ನಮ್ಮಲ್ಲಿ ಇಲ್ಲ. ಮೂರನೆಯ ದಿನ ಸಜ್ಜೆ ರೊಟ್ಟಿ, ಪುಂಡಿಪಲ್ಯ ಮಾಡಿ, ಎಲೆಯಲ್ಲಿ ಕಟ್ಟಿಕೊಂಡು, ಕಾಲುವೆ ದಂಡೆಯ ಬೇವಿನ ಗಿಡದ ಬುಡಕ್ಕೆ ಎಡೆ ಇಟ್ಟೆ. ಗಾಜು ಸೀಳಿದ ಹಳೆಯ ಕಂದೀಲೊಂದನ್ನು ಹಚ್ಚಿ ಪಕ್ಕಕ್ಕಿಟ್ಟೆ. ಹಿಟ್ಟಿನ ಗಿರಣಿಗೆ ಹೊರಟಿದ್ದ ಇಬ್ಬರು ಹೆಂಗಸರು ನೋಡಿದರು. ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಸಂತೆಯ ದಿನ ಅಲ್ಲೊಂದು ಕಲ್ಲಿತ್ತು. ಮುಂದಿನ ಸಂತೆಗೆ ಕಲ್ಲಿಗೆ ಕುಂಕುಮ ಏರಿತ್ತು.

ಪಂಚಮಿಗೆ ತಳಕಲ್ಲಿನ ತವರಿಗೆ ಹೋದಾಗ, ನನ್ನ ಕೈಗೆ ಬಳೆ ಏರಿಸುತ್ತಿದ್ದ ಬಳೆಗಾರತಿ ಹೇಳಿದಳು: "ನಿಮ್ಮ ಗಂಡನ ಮನಿ ಕಡೆ ಕಂದೀಲಮ್ಮ ಭಾಳ ಜಾಗ್ರತಿ ಅದಾಳಂತ ನೋಡ್ರಿ. ಇರಕಲ್ಲಗಡದಾಗ ಒಬ್ಬ ಸುಳ್ಳು ಆಣಿ ಮಾಡಿದ್ದಕ್ಕ ಕಣ್ಣ ತಗದಾಳಂತ."

ನಾನು ಮಾಡಿದ ಮುದುಕಿ ಯಾರ ಕಣ್ಣನ್ನೂ ತೆಗೆಯುವವಳಲ್ಲ. ಅವಳಿಗೆ ಕಣ್ಣು ತೆಗೆಯುವುದನ್ನು ಯಾರು ಕಲಿಸಿದರು? ಕೈ ಹಿಂದಕ್ಕೆ ಎಳೆದುಕೊಂಡೆ, ಬಳೆ ಒಡೆಯಿತು.

ಹೊಸ್ತಿಲಾಚೆ ಕೂತು ಕೇಳುತ್ತಿದ್ದ ಆ ಬಸುರಿ ಹುಡುಗಿಗೆ ಚಳಿಗಾಲದಲ್ಲಿ ಗಂಡನ ಮನೆಯಲ್ಲೇ ಹೆರಿಗೆ ಆಯಿತು. ತಾಯಿಯೇ ಇಲ್ಲದ ಮೇಲೆ ತವರೆಲ್ಲಿ? ಗಂಡುಮಗು. ಎಂಟನೆಯ ದಿನಕ್ಕೆ ಬಾಣಂತಿಗೆ ಜ್ವರ ಏರಿ, "ಕಂದೀಲು, ಮುದುಕಿ" ಎಂದು ಬಡಬಡಿಸತೊಡಗಿದಳು. ಅವಳ ಅತ್ತೆಗೆ ಅಷ್ಟೇ ಸಾಕಾಯಿತು. ನಾನು ಸುದ್ದಿ ಕೇಳಿ ಓಡಿದಾಗ ನಡುಮಧ್ಯಾಹ್ನ. ಬೇವಿನ ಗಿಡದ ಕೆಳಗೆ, ಕಲ್ಲಿನ ಮುಂದೆ, ಹುಡುಗಿಯನ್ನು ಚಾಪೆಯ ಮೇಲೆ ಮಲಗಿಸಿದ್ದರು. ತುಟಿಗಳು ಒಣಗಿ ಸೀಳಿದ್ದವು. ಕೂಸು ಯಾರದೋ ಕೈಯಲ್ಲಿ ಚೀರುತ್ತಿತ್ತು. ನನ್ನ ಹಿಂದೆಯೇ ನೆಗೆಣ್ಣಿ, ಚಾಚಿ ಇಬ್ಬರೂ ಬಂದರು.

"ದವಾಖಾನಿಗೆ ಒಯ್ರಿ ಅಮ್ಮಾರ," ಎಂದೆ.

"ದವಾಖಾನಿ ಏನ್ ಮಾಡತೈತಿ? ಮೈಯಾಗ ಕಂದೀಲಮ್ಮ ಅದಾಳ. ಮೂರು ದಿನ ಇಲ್ಲೇ ಇಟ್ರ ಬಿಟ್ಟು ಹೋಗ್ತಾಳ."

ಆಗ ಎಲ್ಲವನ್ನೂ ಹೇಳಿದೆ. ಕಂದೀಲಮ್ಮ ಎಂಬಾಕೆ ಇಲ್ಲ, ಅವಳು ಆಟದಾಕೆ, ನಾನೇ ಮಾಡಿದವಳು ಎಂದೆ. ನೆಗೆಣ್ಣಿಯ ಮುಖ ನೋಡಿದೆ. ದಾಳದ ಸುದ್ದಿ ನಮ್ಮ ಅತ್ತೆಗೆ ಮುಟ್ಟೀತೆಂದು ಅವಳು ತಲೆ ಬಗ್ಗಿಸಿದಳು. ಚಾಚಿ "ಖರೇನ ಐತ್ರಿ" ಎಂದಳು. ದೇವಿಯ ವಿಷಯದಲ್ಲಿ ಸಾಬರ ಮನೆಯಾಕೆಯ ಮಾತನ್ನು ಅಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹುಡುಗಿಯ ಅತ್ತೆ ನನ್ನನ್ನೇ ನೋಡಿ ಕೇಳಿದಳು: "ಇಲ್ಲದಾಕಿಗೆ ಎಡಿ ಯಾಕ ಇಟ್ಟೀ? ನೀನs ಮೊದಲ ಇಟ್ಟಾಕಿ. ನೋಡಿದವರು ಅದಾರ."

ನಾನು ಚಾಪೆಯ ಪಕ್ಕ ಕುಕ್ಕರಿಸಿ ಹುಡುಗಿಯ ಹಣೆ ಮುಟ್ಟಿದೆ.

ಹುಡುಗಿಯ ಉಸಿರು ಗರಗರ ಅನ್ನುತ್ತಿತ್ತು. ನಾನು ದೇವರ ಹೆಸರು ಹೇಳಿ ತುರುಬು ಬಿಚ್ಚಿದೆ. ಟ್ರಂಕಿನ ಮುಂದೆ ಆಡುತ್ತಿದ್ದ ಅದೇ ಗೊಗ್ಗರು ದನಿಯಲ್ಲಿ ಅಂದೆ: "ನಾ ಬಂದೀನಿ. ಈಕಿ ನನ್ನ ಮಗಳು. ಹೊತ್ತು ಮುಳುಗೂದ್ರಾಗ ಗಂಗಾವತಿ ದವಾಖಾನಿ ಮುಟ್ಟಬೇಕು. ಇಲ್ಲಾಂದ್ರ ಈ ಕಲ್ಲಿನ ಕಡೆ ಯಾರೂ ಹಾಯಬ್ಯಾಡ್ರಿ."

ಎಲ್ಲರೂ ಕೈ ಮುಗಿದು ಕೂತರು. ಅಷ್ಟಕ್ಕೇ ನಿಲ್ಲಿಸಬೇಕೆಂದುಕೊಂಡಿದ್ದೆ. ಬಾಯಿ ನಿಲ್ಲಲಿಲ್ಲ. ಆ ಅತ್ತೆಯ ಕಡೆ ಹೊರಳಿ, "ನಿನ್ನ ಮಗಳನ್ನ ಹಿಂಗs ದೇವರ ಮುಂದ ಕುಂದ್ರಿಸಿ ಕಳಕೊಂಡಿ. ಈಕಿನರ ಉಳಿಸ್ಕೊ," ಎಂದೆ.

ಆಕೆ ನೆಲಕ್ಕೆ ಹಣೆ ಹಚ್ಚಿ ಅಳತೊಡಗಿದಳು.

ಆಕೆಗೆ ಮಗಳೊಬ್ಬಳು ಇದ್ದದ್ದೇ ನನಗೆ ಗೊತ್ತಿರಲಿಲ್ಲ. ನಾನು ಆ ಊರಿಗೆ ಬಂದು ಐದು ವರ್ಷವಾಗಿತ್ತು. ಆ ಮಗಳು ಸತ್ತು ಹನ್ನೆರಡು ವರ್ಷವಾಗಿತ್ತಂತೆ. ನೀರು ತರುವಾಗ ಯಾರೋ ಆಡಿದ್ದು ಕಿವಿಗೆ ಬಿದ್ದಿರಬಹುದು. ಹಾಗೇ ಇರಬೇಕು ಎಂದು ಇವತ್ತಿಗೂ ಹೇಳಿಕೊಳ್ಳುತ್ತೇನೆ.

ಚಾಚಿಯ ಗಂಡನ ಟಾಂಗಾ ಆ ದಿನ ಬಾಡಿಗೆಗೆ ಹೋಗದೆ ಮನೆಯಲ್ಲೇ ಇತ್ತು. ಅದು ಒಂದು ದಯೆ. ದವಾಖಾನೆಯಲ್ಲಿ ಡಾಕ್ಟರಮ್ಮ ಊಟಕ್ಕೆ ಹೋಗಿರಲಿಲ್ಲ. ಅದು ಇನ್ನೊಂದು. ಒಂದು ದಿನ ತಡವಾಗಿದ್ದರೆ ಹುಡುಗಿ ಉಳಿಯುತ್ತಿರಲಿಲ್ಲ ಎಂದು ಅವರು ಬೈದರಂತೆ.

ಹುಣ್ಣಿಮೆಗೆ ಹುಲಿಗಿಯ ದೇವಿಯ ಗುಡಿಗೆ ಹೋಗಿ ತಾಯಿಯ ಮುಂದೆ ನಿಂತೆ. ನಿನ್ನ ಮುಂದೆ ಸುಳ್ಳು ದೇವರಾಡಿದೆ, ತಪ್ಪಾಯಿತು ಅನ್ನಬೇಕೆಂದು ಹೋದವಳು. ಹುಡುಗಿ ಬದುಕಿದ್ದಳು, ಅದನ್ನು ತಪ್ಪು ಅನ್ನಲು ಬಾಯಿ ಬರಲಿಲ್ಲ. ಉಡಿ ತುಂಬಿ ಬಂದೆ.

ಊರಲ್ಲಿ ನನ್ನನ್ನು ಮಾತಾಡಿಸುವ ರೀತಿಯೇ ಬದಲಾಯಿತು. ನನಗಿಂತ ಹಿರಿಯರು, "ಬಾ ಇಲ್ಲೆ" ಎಂದು ಗದರುತ್ತಿದ್ದವರು, "ಬರ್ರಿ, ಕುಂದರ್ರಿ" ಅನ್ನತೊಡಗಿದರು. ನಾನು ಹೋದರೆ ಬಾವಿಯ ಹತ್ತಿರ ಮಾತು ನಿಲ್ಲುತ್ತಿತ್ತು. ನೆಗೆಣ್ಣಿ ನನ್ನ ಜೊತೆ ಒಂದೇ ಗಂಗಾಳದಲ್ಲಿ ಉಣ್ಣುವುದನ್ನು ಬಿಟ್ಟಳು. ಚಾಚಿ ಒಬ್ಬಳೇ ಮೊದಲಿನಂತೆ ಬೈಯುತ್ತಿದ್ದಳು: "ನೋಡ, ನಾ ಕಳ್ಳಿ ಆದೆ, ಸುಖವಾಗಿದೀನಿ. ನಿನಗ ಯಾರ್ ಹೇಳಿದ್ರು ಮುದುಕಿ ಆಗು ಅಂತ?"

ತಿಂಗಳಾದ ಮೇಲೆ ಹುಡುಗಿ ಕೂಸನ್ನು ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ಬಂದಳು. ಸೊರಗಿ ಹೋಗಿದ್ದಳು. ಮಜ್ಜಿಗೆ ಕೊಟ್ಟೆ, ಕುಡಿದಳು. ಕೂಸಿಗೆ ತೊಡೆಯ ಮೇಲೆ ನಿದ್ದೆ ಹತ್ತಿತ್ತು.

"ಅಕ್ಕಾ, ಒಂದು ಕೇಳ್ಲಿ? ಸಿಟ್ಟಾಗಬ್ಯಾಡ."

"ಕೇಳವಾ."

"ಆವತ್ತು ಮಾತಾಡಿದಾಕಿ ನೀನೋ, ಆಕಿನೋ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಕೂಸು ಎದ್ದು ಅಳತೊಡಗಿತು. ಅವಳು ಹಾಲೂಡಿಸಲು ಗೋಡೆ ಕಡೆ ತಿರುಗಿ ಕೂತಳು. ಮತ್ತೆ ಕೇಳಲಿಲ್ಲ. ಅದನ್ನೂ ದಯೆ ಎಂದುಕೊಂಡೆ.